ಗಾಯಗನ್ನಡಿಯ ಮುಂದೆ ಉಸ್ತಾದ್

ಧಾತ್ರಿಯ ಹೃದಯ ಗೋಡೆಯ ಮೇಲೆ ಬಡಿದುಕೊಳ್ಳುತ್ತಿತ್ತು. ಹುಡುಗಿ ಮಾತ್ರ ಗಾಜಿನಾಚೆಯ ಕೋಣೆಯಲ್ಲಿ, ಬಿಳಿ ಕಮಾನಿನಂಥ ಯಂತ್ರದ ಕೆಳಗೆ ಅಂಗಾತ ಮಲಗಿದ್ದಳು. ಬೆನ್ನು ನೆಲಕ್ಕೆ ತಾಗಿದರೆ ಸೋತಂತೆ ಎಂದು ಚಿಕ್ಕಂದಿನಿಂದ ಕಲಿತು ಬಂದ ಕುಸ್ತಿಪಟು ಅವಳು. ಹಾಗೆ ಮಲಗಲು ಒಪ್ಪಿದ್ದೇ ದೊಡ್ಡದು. ಗೋಡೆಯ ಮೇಲಿನ ಚಿತ್ರದಲ್ಲಿ ಆರೋಗ್ಯವಾದ ಸ್ನಾಯು ತಿಳಿನೀಲಿ, ಹಳೆಯ ಗಾಯ ಬೂದು, ಹೊಸ ಗಾಯ ಕಿತ್ತಳೆ. ಇಪ್ಪತ್ತು ವರ್ಷದ ಆ ನೀಲಿ ಹೃದಯದ ಎಡಭಾಗದಲ್ಲಿ, ಯಾರೋ ಕೈತಪ್ಪಿ ಕೇಸರಿಬಾತಿನ ಬಣ್ಣ ಉದುರಿಸಿದ ಹಾಗೆ, ಕಿತ್ತಳೆ ಚುಕ್ಕೆಗಳು ಹರಡಿದ್ದವು.

"ಇದು ಉರಿಯೂತ, ಯಜಮಾನ್ರೇ. ಹೃದಯದ ಸ್ನಾಯು ಊದಿಕೊಂಡಿದೆ," ಎಂದಳು ಡಾ. ಸಿಂಚನಾ. "ಹೋದ ವಾರ ಬಂದ ಜ್ವರದಿಂದ ಆಗಿದ್ದು. ಮೂರು ತಿಂಗಳು ಇವಳು ಗರಡಿಯ ಕಡೆ ತಲೆ ಹಾಕಬಾರದು."

ಕುರ್ಚಿಯಲ್ಲಿ ಕೂತಿದ್ದ ಮುದುಕ ಕಿವಿ ಮುಂದೆ ಮಾಡಿದ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುರಿಹೋದ ಕಿವಿಗಳು ಅವು. ಹೆಸರು ದ್ಯಾವಣ್ಣ, ಮೈಸೂರಿನ ಕೆಂಪುಬಾಗಿಲ ಗರಡಿಯ ಉಸ್ತಾದ್, ಧಾತ್ರಿಯ ತಾತ. ಎಂಬತ್ತು ದಾಟಿದ್ದರೂ ಗರಡಿಯಲ್ಲಿ ಅವನ ಮಾತೇ ಕೊನೆಯ ಮಾತು. ಧಾತ್ರಿ ಇಲ್ಲಿಗೆ ಬಂದದ್ದು ತನ್ನ ಅಮ್ಮನ ಹಟಕ್ಕೆ. ಉಸ್ತಾದ್ ಬಂದದ್ದು ಆ ಹಟದಲ್ಲಿ ಹುರುಳಿಲ್ಲವೆಂದು ತೋರಿಸುವುದಕ್ಕೆ.

"ಮೂರು ತಿಂಗ್ಳಾ? ದಸರಾ ಕುಸ್ತಿಗೆ ಜೋಡಿ ಕಟ್ಟೋದು ಬರೋ ತಿಂಗ್ಳು ಕಣವ್ವ. ಜ್ವರ ಬುಟ್ಟು ನಾಕು ದಿನ ಆಯ್ತು. ನಾಳಿಂದ ಕುಸ್ತಿ ಮಟ್ಟಿಗಿಳಿಸ್ತೀನಿ, ಬೆವ್ರು ಕಿತ್ಕಂಡು ಬಂದ್ರೆ ಈ ಚುಕ್ಕೆಗಿಕ್ಕೆ ಎಲ್ಲಾ ತೊಳ್ಕಂಡು ಹೋಯ್ತದೆ."

ಸಿಂಚನಾಗೆ ಸಿಟ್ಟು ಬಂತು. ಹತ್ತಾರು ವರ್ಷ ಕೂತು ಕಟ್ಟಿದ ಯಂತ್ರ ಅವಳದು. ಕಾಗದದಲ್ಲಿ ಅದರ ಹೆಸರು ವ್ರಣಕಾಲದರ್ಶಕ. ಮೈಸೂರಿನ ಜನ ನಾಲಿಗೆ ಹೊರಳದೆ ಗಾಯಗನ್ನಡಿ ಎಂದರು, ಅದೇ ನಿಂತುಬಿಟ್ಟಿತು. ಒಳಗಿನ ಗಾಯಕ್ಕೆ ನಮ್ಮ ದೇಹ ಕಾಲಜನ್ ಎಂಬ ನಾರಿನಿಂದ ತೇಪೆ ಹಾಕಿಕೊಳ್ಳುತ್ತದೆ. ವರ್ಷ ಕಳೆದಂತೆ ಆ ನಾರಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿರುಸಾಗುತ್ತವೆ. ಯಂತ್ರವು ಕಿವಿಗೆ ಕೇಳದಂಥ ಸದ್ದಿನ ಅಲೆಗಳನ್ನು ಮೈಯೊಳಗೆ ಕಳಿಸಿ, ಮರಳಿ ಬರುವ ಅಲೆಯಿಂದ ಯಾವ ತೇಪೆ ಎಷ್ಟು ಹಳೆಯದು, ಯಾವುದರ ಮೇಲೆ ಯಾವುದು ಬಿದ್ದಿದೆ ಎಂದು ಓದುತ್ತಿತ್ತು. ಮನುಷ್ಯ ಮರೆತ ಕಾಯಿಲೆಯನ್ನು ಅವನ ಮೂತ್ರಪಿಂಡ ಮರೆತಿರುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಯೂ ಈ ಮುದುಕನ ಎದುರು ಅವಳ ಮಾತು ನಡೆಯುವಂತೆ ಕಾಣಲಿಲ್ಲ.

"ಇದು ಸುಮ್ಮನೆ ಜ್ವರ ಅಲ್ಲ. ನಿಮ್ಮ ಕಾಲದ ಕೊರೋನಾದ್ದೇ ಸಂತತಿ," ಎಂದಳು.

"ಆ ಕೊರೋನಾನೂ ನೋಡಿವ್ನಿ ನಾನು!" ಉಸ್ತಾದ್ ಕೋಲು ಕುಟ್ಟಿದ. "ಚೆಲುವರಾಜ ಅಂತ ಒಬ್ಬ ಇದ್ದ ನಂತಾವ. ಅಂಥ ಪಟ್ಟು ಆಮೇಲೆ ಯಾರ ಕೈಲೂ ನಾನು ನೋಡಿಲ್ಲ. ಅವ್ನಿಗೂ ಬಂದಿತ್ತು, ನಾಕು ದಿನಕ್ಕೆ ಎದ್ದು ಓಡಾಡ್ತಿದ್ದ. ಆಮೇಲೆ ಸುರು ಆಯ್ತು ನೋಡು, ಸುಸ್ತು, ಎದೆ ನೋವು, ಉಸ್ರು ಸಾಲ್ದು. ಎಲ್ಲಾ ಮೈಗಳ್ಳತನ. ಅವ್ನಿಗೆ ನಿಜಕ್ಕೂ ಏನಾರ ಆಗಿದ್ರೆ ಇಷ್ಟೊತ್ಗೆ ಸತ್ತೋಗ್ಬೇಕಿತ್ತು. ಇನ್ನೂ ಬದುಕವ್ನೆ! ಸಿನಿಮಾ ಟಾಕೀಸಿನ ಗಾಡಿ ಸ್ಟ್ಯಾಂಡಲ್ಲಿ ಕುಂತಲ್ಲೇ ಕುಂತು ಟೋಕನ್ ಕೊಡ್ತವ್ನೆ."

"ಹಾಗಿದ್ರೆ ಅವರನ್ನೇ ಕರ್ಕೊಂಡು ಬನ್ನಿ," ಎಂದುಬಿಟ್ಟಳು ಸಿಂಚನಾ. "ಅವರ ಮೈಯಲ್ಲಿ ಏನೂ ಕಾಣದೆ ಹೋದ್ರೆ ನಾಳೆಯೇ ಧಾತ್ರಿ ಮಟ್ಟಿಗಿಳಿಯಲಿ, ನಾನು ಅಡ್ಡ ಬರಲ್ಲ. ಕಂಡರೆ ನೀವು ಬಾಯಿ ಮುಚ್ಕೊಂಡಿರಬೇಕು."

ಹಿರಿಯರಿಗೆ ಹಾಗೆನ್ನಬಾರದಿತ್ತು. ಅದಕ್ಕಿಂತ ಮುಖ್ಯವಾಗಿ, ಕಣ್ಣಾರೆ ಕಾಣದ ಒಬ್ಬ ಮನುಷ್ಯನ ಮೈಯನ್ನು ಪಣಕ್ಕಿಡಬಾರದಿತ್ತು. ಅದು ಅವಳಿಗೆ ಹೊಳೆದದ್ದು ಉಸ್ತಾದ್ "ಆಗ್ಲಿ ಬುಡು" ಎಂದು ಎದ್ದುಹೋದ ಮೇಲೆ.

ಮಾರನೆಯ ದಿನ ಚೆಲುವರಾಜನನ್ನು ಧಾತ್ರಿಯೇ ಕರೆತಂದಳು. ಅರವತ್ತರ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಅಗಲ ಹೆಗಲು, ಅದಕ್ಕೆ ಹೊಂದದ ಬೊಜ್ಜು. ಬಾಗಿಲಿಂದ ಮೇಜಿನವರೆಗೆ ಬರುವಷ್ಟರಲ್ಲಿ ಒಮ್ಮೆ ನಿಂತು ಸುಧಾರಿಸಿಕೊಂಡ. ಹೊರಗಿನ ಬೆಂಚಿನ ಮೇಲೆ ಉಸ್ತಾದ್ ಕೂತಿದ್ದ. ಚೆಲುವರಾಜ ಬಗ್ಗಿ ಕಾಲು ಮುಟ್ಟಲು ಹೋದಾಗ ಆತ ಕಾಲು ಹಿಂದೆಳೆದುಕೊಂಡು ಗೋಡೆಯ ಗಡಿಯಾರ ನೋಡಿದ್ದ. ಆ ಸಂಗತಿಯನ್ನು ಧಾತ್ರಿ ಒಳಗೆ ಬಂದು ಹೇಳಿದಳು, ಕಣ್ಣಲ್ಲಿ ನೀರು ತುಂಬಿಕೊಂಡು.

"ಅದ್ಯಾಕ್ ಬುಡವ್ವ," ಎಂದ ಚೆಲುವರಾಜ. "ಅವರು ನನ್ನ ಮ್ಯಾಗೆ ಇಟ್ಕೊಂಡಿದ್ದ ಆಸೆ ಅಂಥದ್ದು."

ಯಂತ್ರದ ಕೆಳಗೆ ಮಲಗುವ ಮೊದಲು ಸಿಂಚನಾ ಕೇಳಿದ್ದಕ್ಕೆ ಆತ ಹಳೆಯದನ್ನೆಲ್ಲ ಹೇಳಿದ. ಮೂವತ್ತಾರು ವರ್ಷದ ಹಿಂದಿನ ಮಾತು. ಎರಡು ದಸರಾ ಕುಸ್ತಿಯಿಲ್ಲದೆ ಕಳೆದು, ಅಖಾಡ ಮತ್ತೆ ತೆರೆಯುವ ವರ್ಷ. ಕೆಂಪುಬಾಗಿಲ ಗರಡಿಯ ಆಸೆಯೆಲ್ಲ ಚೆಲುವರಾಜನ ಮೇಲಿತ್ತು. ಜೋಡಿ ಕಟ್ಟುವ ದಿನ, ಅಂದರೆ ಯಾರ ಮೇಲೆ ಯಾರು ಕುಸ್ತಿ ಹಿಡಿಯಬೇಕೆಂದು ಕೈ ಕೈ ಕೂಡಿಸಿ ಗೊತ್ತುಮಾಡುವ ದಿನ, ಹತ್ತಿರ ಬಂದಾಗ ಅವನಿಗೆ ಜ್ವರ ಬಂತು. ಬಿಟ್ಟಿತು. ಆ ಗರಡಿಯಲ್ಲಿ ತಲೆಮಾರಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು: ಜ್ವರದಿಂದ ಎದ್ದ ಪೈಲ್ವಾನ ಒಬ್ಬನೇ ಗುದ್ದಲಿ ಹಿಡಿದು ಇಡೀ ಮಟ್ಟಿಯನ್ನು ತಿರುವಬೇಕು. ಮಟ್ಟಿಯೆಂದರೆ ಕುಸ್ತಿಯ ಕೆಮ್ಮಣ್ಣಿನ ಕಣ. ಅರಿಸಿನ, ಕರ್ಪೂರ, ಎಣ್ಣೆ, ಮಜ್ಜಿಗೆ ಎಲ್ಲ ಬೆರೆಸಿ ಹದಗೊಳಿಸಿದ ಮಣ್ಣು. ಅದರ ಘಾಟು ಕುಡಿದು, ಅದನ್ನೇ ಮೈಗೆ ಬಳಿದುಕೊಂಡು, ಬೆವರು ಹರಿಸಿದರೆ ಒಳಗಿನ ವಿಷ ಇಳಿಯುತ್ತದೆ ಎಂದು ನಂಬಿಕೆ. ನೆಗಡಿ, ಮಳೆಜ್ವರಗಳಿಗೆ ಹಾಗೆ ಮಾಡಿ ಎಷ್ಟೋ ಜನ ಗಟ್ಟಿಮುಟ್ಟಾಗಿ ಎದ್ದದ್ದೂ ಉಂಟು.

"ಸುಸ್ತಾಯ್ತದೆ ಉಸ್ತಾದ್ ಅಂದೆ. ಏಳ್ಲಾ, ಬೆವತ್ರೆ ಹೋಯ್ತದೆ ಅಂದ್ರು. ದಿನಾ ತಿರುವ್ದೆ. ಅವರೇ ಕೈಯಾರೆ ಬಾದಾಮಿ ಅರೆದು ಹಾಲಲ್ಲಿ ಕುಡಿಸ್ತಿದ್ರು ಮೇಡಂ, ಸುಳ್ಳು ಹೇಳ್ಬಾರ್ದು. ಜೋಡಿ ಕಟ್ಟೋ ದಿನ ಎದುರಾಳಿ ಕೈ ಮುಟ್ಟಕ್ಕೆ ಮುಂಚೇನೇ ಬಿದ್ದೋದೆ. ಜನ ಎಲ್ಲಾ ನಗ್ತಿದ್ರು. ಸಾಯಂಕಾಲ ಗರಡಿಗೆ ಹೋದ್ರೆ ನನ್ನ ಕುಸ್ತಿ ಕಾಚ ಗೂಟದಲ್ಲಿರ್ಲಿಲ್ಲ. ಹೊಸ್ಲಿಂದ ಆಚೆ ಬಿಸಾಕಿದ್ರು."

ಗರಡಿಯಲ್ಲಿ ಕಾಚ ಹೊಸ್ತಿಲಾಚೆ ಬಿತ್ತೆಂದರೆ ಮುಗಿಯಿತು. ಯಾರೂ ಏನೂ ಹೇಳಬೇಕಾಗಿಲ್ಲ.

ಯಂತ್ರ ಕೆಲಸ ಶುರು ಮಾಡಿತು. ಗೋಡೆಯ ಮೇಲೆ ಚೆಲುವರಾಜನ ಒಳಮೈ ಒಂದೊಂದೇ ಅಂಗವಾಗಿ ಮೂಡಿತು. ಅವನಿಗೂ ಕಾಣಲೆಂದು ಸಿಂಚನಾ ತಲೆಯ ಮೇಲೊಂದು ಪರದೆ ಇಳಿಬಿಟ್ಟಿದ್ದಳು. ಶ್ವಾಸಕೋಶದ ತಳದಲ್ಲಿ ಬೂದು ಗೆರೆಗಳು. ಮೂತ್ರಪಿಂಡಗಳಲ್ಲಿ ಸೂಜಿಮೊನೆಯಷ್ಟು ಚಿಕ್ಕ ಕಲೆಗಳು. ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕದಲ್ಲಿ ಇನ್ನಷ್ಟು. ತೊಡೆಯ ಸ್ನಾಯುಗಳಿಗೆ ರಕ್ತ ತರುವ ಕೂದಲಿನಂಥ ನಾಳಗಳಲ್ಲಿ ಅಲ್ಲಲ್ಲಿ ಮುಚ್ಚಿಹೋದ ದಾರಿ. ಮೆದುಳಿನಲ್ಲಿ ವಾಸನೆ ಹಿಡಿಯುವ ಜಾಗ ಸವೆದು ತೆಳ್ಳಗಾಗಿತ್ತು. ಎಲ್ಲ ಬೂದು ಬಣ್ಣಕ್ಕೂ ಒಂದೇ ವಯಸ್ಸು.

"ಇದೆಲ್ಲ ಒಂದೇ ಕಾಯ್ಲೇದಾ?" ಎಂದ ಚೆಲುವರಾಜ. "ಅದು ಉಸ್ರಿನ ಕಾಯ್ಲೆ ಅಂತ ಅಲ್ವಾ ಹೇಳ್ತಿದ್ದಿದ್ದು?"

"ಎಲ್ಲರೂ ಹಾಗೇ ಅಂದುಕೊಂಡಿದ್ರು," ಎಂದಳು ಸಿಂಚನಾ. "ಆ ವೈರಾಣು ಮೈಯೊಳಗಿನ ಕೋಶಕ್ಕೆ ನುಗ್ಗಬೇಕಾದರೆ ಕೋಶದ ಮೇಲೆ ಒಂದು ಬೀಗ ಇರಬೇಕು, ವೈರಾಣುವಿನ ಮೈಮೇಲಿನ ಮುಳ್ಳೇ ಆ ಬೀಗಕ್ಕೆ ಕೀಲಿ. ತೊಂದರೆ ಏನೆಂದರೆ ಆ ಬೀಗ ಶ್ವಾಸಕೋಶದಲ್ಲಿ ಮಾತ್ರ ಇಲ್ಲ. ಹೃದಯ, ಕರುಳು, ಮೂತ್ರಪಿಂಡ, ರಕ್ತನಾಳದ ಒಳಪದರ, ಎಲ್ಲಾ ಕಡೆ ಇದೆ. ನಾಳದ ಒಳಪದರ ಕೆಟ್ಟರೆ ರಕ್ತ ಸಣ್ಣ ಸಣ್ಣದಾಗಿ ಗರಣೆ ಕಟ್ಟುತ್ತೆ, ಮುಂದಿನ ಅಂಗಕ್ಕೆ ಉಸಿರು ತಲುಪಲ್ಲ. ಇದರ ಮೇಲೆ ದೇಹದ ಕಾವಲಿನವರು ಕಳ್ಳನನ್ನು ಹೊಡೆಯೋ ಭರದಲ್ಲಿ ಮನೆಯವರನ್ನೂ ಹೊಡೆದುಬಿಡ್ತಾರೆ. ಜ್ವರ ಬಿಟ್ಟ ಮೇಲೂ ಆ ಹೊಡೆದಾಟ ವಾರಗಟ್ಟಲೆ, ತಿಂಗಳುಗಟ್ಟಲೆ ನಡೀತಿರುತ್ತೆ."

"ಆವತ್ತಿಂದ ನಂಗೆ ಕಾಫಿ ವಾಸ್ನೆ ಗೊತ್ತಾಗಲ್ಲ," ಎಂದ ಆತ, ಪರದೆಯಿಂದ ಕಣ್ಣು ತೆಗೆಯದೆ. "ನಲವತ್ತು ತುಂಬಕ್ಕೆ ಮುಂಚೆ ಸಕ್ಕರೆ ಕಾಯ್ಲೆ ಬಂತು. ಮಹಡಿ ಮೆಟ್ಲು ಹತ್ತಿದ್ರೆ ತೊಡೆ ನಡುಗ್ತದೆ. ನಾನು ಇದೆಲ್ಲಾ ಕಸರತ್ತು ಬುಟ್ಟಿದ್ದಕ್ಕೆ ಬಂದ ಶಾಪ ಅನ್ಕೊಂಡಿದ್ದೆ."

ಕೊನೆಗೆ ಹೃದಯ ಬಂತು. ಸಿಂಚನಾ ಚಿತ್ರವನ್ನು ದೊಡ್ಡದು ಮಾಡಿದಳು.

ಅಲ್ಲಿ ಎರಡು ಬಗೆಯ ಗಾಯಗಳಿದ್ದವು. ಮೊದಲನೆಯವು ಸಣ್ಣ ಚುಕ್ಕೆಗಳು, ಧಾತ್ರಿಯ ಎದೆಯಲ್ಲಿ ಕಂಡಂಥವೇ, ಬೂದಾಗಿ ಒಣಗಿದವು. ಎರಡನೆಯದು ಚುಕ್ಕೆಯಲ್ಲ. ಆ ಚುಕ್ಕೆಗಳನ್ನು ಒಂದಕ್ಕೊಂದು ಸೇರಿಸಿಕೊಂಡು ಹರಿದ, ಚಿತ್ರದಲ್ಲಿ ಅಂಗೈಯಗಲ ಕಾಣುವ ಪಟ್ಟಿ. ಯಂತ್ರ ಅದರ ಪದರಗಳನ್ನು ಬಿಡಿಸಿ ತೋರಿಸಿತು: ಚುಕ್ಕೆಗಳು ಕೆಳಗೆ, ಪಟ್ಟಿ ಮೇಲೆ, ಅಂದರೆ ಆಮೇಲೆ ಬಂದದ್ದು. ಊದಿಕೊಂಡ ಸ್ನಾಯುವನ್ನು ದುಡಿಸಿದಾಗ, ದಿನವೂ ದುಡಿಸಿದಾಗ, ಅದು ಹೀಗೆ ಹರಿಯುತ್ತದೆ.

ಸಿಂಚನಾ ವಿವರಿಸಿದಳು. ತನ್ನ ದನಿ ತನಗೇ ಒರಟಾಗಿ ಕೇಳಿಸಿತು.

"ಆಗ ಮಲಗಿದ್ದಿದ್ರೆ?" ಎಂದ ಚೆಲುವರಾಜ.

ಸುಳ್ಳು ಹೇಳಬಹುದಿತ್ತು. "ಚುಕ್ಕೆಗಳು ಬಹಳ ಮಟ್ಟಿಗೆ ತಾವೇ ಮಾಯ್ತಿದ್ವು. ಈ ದೊಡ್ಡದು ಆಗ್ತಾನೇ ಇರಲಿಲ್ಲ."

ಚೆಲುವರಾಜ ಎದ್ದು ಕೂತ. ಅಂಗಿಯ ಗುಂಡಿಗಳನ್ನು ನಿಧಾನವಾಗಿ ಹಾಕಿಕೊಂಡ, ಒಂದನ್ನು ತಪ್ಪಿ ಮತ್ತೆ ಬಿಚ್ಚಿ ಹಾಕಿದ. "ಅಂಗಾರೆ ನಾನು ಮೈಗಳ್ಳ ಅಲ್ಲ," ಎಂದ. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ. ಸಿಂಚನಾ "ಅಲ್ಲ" ಎಂದಳು. ಆತ ಮುಖ ಆ ಕಡೆ ತಿರುಗಿಸಿಕೊಂಡ. ಅಗಲವಾದ ಆ ಬೆನ್ನು ಅಲುಗುವುದನ್ನು ನೋಡುತ್ತ ಅವಳಿಗೆ ತಾನು ಕಟ್ಟಿದ ಪಣ ನೆನಪಾಗಿ ನಾಚಿಕೆಯಾಯಿತು. ವಾದ ಗೆಲ್ಲಲು ಕರೆಸಿದ ಸಾಕ್ಷಿ ಈ ಮನುಷ್ಯ. ಅವನಿಗೆ ಇದನ್ನೆಲ್ಲ ತಿಳಿಯುವ ಮನಸ್ಸಿದೆಯೇ ಎಂದು ಒಂದು ಮಾತು ಕೇಳಿರಲಿಲ್ಲ.

ಆತ ಕಣ್ಣೊರೆಸಿಕೊಂಡು ಈ ಕಡೆ ತಿರುಗಿ ಹೇಳಿದ: "ಉಸ್ತಾದ್ರಿಗೆ ಮೊದಲ್ನೇದು ಮಾತ್ರ ತೋರ್ಸಿ ಮೇಡಂ. ಎರಡ್ನೇದು ಬ್ಯಾಡ. ಎಂಬತ್ತು ದಾಟೈತೆ ಅವರಿಗೆ. ಈ ವಯಸ್ನಲ್ಲಿ ಇದ್ನ ಹೊತ್ಕೊಂಡು ಎಲ್ಲಿಗೆ ಹೋಯ್ತಾರೆ?"

ಮೇಲಿನ ಪದರವನ್ನು ಮರೆಮಾಡುವುದು ಕಷ್ಟದ ಕೆಲಸವಾಗಿರಲಿಲ್ಲ; ಒಂದು ಗುಂಡಿ ಒತ್ತಿದರೆ ಆಯಿತು. ಸಿಂಚನಾಗೆ ಹಾಗೆ ಮಾಡುವ ಆಸೆಯೂ ಆಯಿತು. ಗಾಯಗನ್ನಡಿ ಬಂದಾಗಿನಿಂದ ಅವಳ ಬಳಿಗೆ ಚಿಕಿತ್ಸೆಗೆಂದು ಬರುವವರಿಗಿಂತ ತಿಳಿದುಕೊಳ್ಳಲು ಬರುವವರೇ ಹೆಚ್ಚಾಗಿದ್ದರು. ಬಾಣಂತನ ಮುಗಿಸಿ ಏಳಲಾರದ ಸೊಸೆಯನ್ನು ಹಂಗಿಸಿದ ಅತ್ತೆ, ರಜೆ ಕೊಡದ ಮೇಲಧಿಕಾರಿ, ಓದಲು ಕೂತರೆ ತಲೆ ಮಂಜಾಗುತ್ತದೆಂದ ಮಗನಿಗೆ ಬಾರಿಸಿದ ಅಪ್ಪ. ಬಂದು ಚಿತ್ರ ನೋಡಿ, ಹೊರಗಿನ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಹಳೆಯ ಕಲೆಗೆ ಅವಳಲ್ಲಿ ಮದ್ದಿರಲಿಲ್ಲ. ಕಲೆ ತೋರಿಸುವ ಯಂತ್ರ ಕಟ್ಟಿದವಳು, ತೋರಿಸಿದ ಮೇಲೆ ಏನು ಮಾಡಬೇಕೆಂದು ಯೋಚಿಸಿಯೇ ಇರಲಿಲ್ಲ. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

"ಮೊದಲನೆಯದು ಮಾತ್ರ ತೋರಿಸಿದರೆ ಅವರು ಏನಂತಾರೆ ಹೇಳಿ," ಎಂದಳು. "ಕಾಯಿಲೆಯಿಂದ ಆಯ್ತು, ಮಟ್ಟಿಯಿಂದ ಏನಾಯ್ತು ಅಂತಾರೆ. ನಾಳೆ ಬೆಳಗ್ಗೆ ಧಾತ್ರಿ ಕೈಗೆ ಗುದ್ದಲಿ ಕೊಡ್ತಾರೆ. ಅವಳ ಎದೆಯಲ್ಲಿ ಈಗ ಇರೋದು ಚುಕ್ಕೆ ಮಾತ್ರ."

ಚೆಲುವರಾಜ ಗಾಜಿನಾಚೆ ನಿಂತಿದ್ದ ಹುಡುಗಿಯನ್ನು ನೋಡಿದ. "ಕರೀರಿ," ಎಂದ. "ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಉಸ್ತಾದ್ ಧಾತ್ರಿಯ ಜೊತೆ ಒಳಗೆ ಬಂದು ಗೋಡೆಯ ಹತ್ತಿರ ಹೋಗಿ ನಿಂತ. ಮೊದಮೊದಲು, ಯಂತ್ರ ತಪ್ಪು ಹೇಳಬಹುದು, ಬೇರೆಯವರ ಚಿತ್ರ ಇರಬಹುದು ಎಂದೆಲ್ಲ ಗೊಣಗಿದ. ಆಮೇಲೆ ಗೊಣಗಾಟ ನಿಂತಿತು. ಜೀವಮಾನವಿಡೀ ಹುಡುಗರ ಸ್ನಾಯು ನೀವಿ, ಉಳುಕು ತೆಗೆದು ಬಂದ ಕೈ ಅದು. ಹರಿದ ಸ್ನಾಯು ಹೇಗಿರುತ್ತದೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೂದು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದ:

"ಈ ದೊಡ್ಡದು ಯಾವಾಗಿಂದ್ಲಾ?"

"ಮಟ್ಟಿ ತಿರುವಿದ್ನಲ್ಲ ಉಸ್ತಾದ್, ಆಗಿಂದು."

ಉಸ್ತಾದ್ ಬೆರಳು ತೆಗೆಯಲಿಲ್ಲ. "ಬಾದಾಮಿ ಕುಡಿಸ್ತಿದ್ದೆ ಕಣ್ಲಾ ನಿಂಗೆ," ಎಂದ.

"ಹೂಂ ಉಸ್ತಾದ್. ಕುಡಿಸ್ತಿದ್ರಿ."

"ನನ್ನ ಮಗನ್ಗೂ ಕುಡಿಸ್ಲಿಲ್ಲ ನಾನು."

"ಹೂಂ."

"ಮತ್ಯಾಕ್ಲಾ ಆಗಲ್ಲ ಅನ್ಲಿಲ್ಲ ನೀನು? ಬಾಯಿರ್ಲಿಲ್ವಾ ನಿಂಗೆ?" ಮುದುಕನ ದನಿ ಏರಿತು, ಏರಿದಲ್ಲೇ ಒಡೆಯಿತು.

"ಅಂದೆ ಉಸ್ತಾದ್. ಸುಸ್ತಾಯ್ತದೆ ಅಂದೆ." ಚೆಲುವರಾಜ ತಲೆ ಎತ್ತಲಿಲ್ಲ. "ನೀವು ನಂಬ್ಲಿಲ್ಲ, ಅದು ಹೋಗ್ಲಿ. ನೀವು ಏನಂದ್ರೂ ದಿಟ ಅಂತ ಬೆಳೆದೋನು ನಾನು. ಅದಕ್ಕೇ ಆಮೇಲೆ ನಾನೂ ನಂಬ್ಲಿಲ್ಲ. ಮೂವತ್ತಾರು ವರ್ಷ ದಿನಾ ಬೆಳಗ್ಗೆ ನನ್ನ ನಾನೇ ಮೈಗಳ್ಳ ಅಂತ ಬೈಕೊಂಡು ಎದ್ದಿವ್ನಿ. ಹೆಂಡ್ರು ಆಸ್ಪತ್ರೆಗೆ ನಡೀರಿ ಅಂದ್ರೆ, ಮೈಗಳ್ಳತನಕ್ಕೆ ಔಷ್ದಿ ಎಲ್ಲೈತೆ ಅಂತಿದ್ದೆ. ಈ ಮಗೂಗೆ ಅಂಗಾಗದು ಬ್ಯಾಡ."

ಧಾತ್ರಿ ತಾತನ ತೋಳು ಹಿಡಿದಳು. ಎಂದೂ ಯಾರ ಆಸರೆಯನ್ನೂ ಕೇಳದ ಮನುಷ್ಯ ಅವತ್ತು ಮೊಮ್ಮಗಳ ಹೆಗಲಿನ ಮೇಲೆ ಪೂರ್ತಿ ಭಾರ ಬಿಟ್ಟು ಬಾಗಿಲು ದಾಟಿದ. ಪಣ ಗೆದ್ದ ಸಿಂಚನಾ ಗೋಡೆಯ ಚಿತ್ರವನ್ನು ಆರಿಸಿ, ಮಧ್ಯಾಹ್ನದ ಊಟಕ್ಕೆ ಹೋಗದೆ ಅಲ್ಲೇ ಕೂತಳು.

ಆಮೇಲೆ ಕೆಲವು ವಾರ ಸುದ್ದಿಯಿರಲಿಲ್ಲ. ಒಂದು ಮುಂಜಾನೆ ಧಾತ್ರಿ ಕರೆ ಮಾಡಿ, ಗರಡಿಗೆ ಬಂದುಹೋಗಿ ಡಾಕ್ಟ್ರೇ, ಎಂದಳು.

ಕೆಂಪು ಬಾಗಿಲು ತಗ್ಗಾಗಿತ್ತು. ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಕರ್ಪೂರ, ಅರಿಸಿನ ಬೆರೆತ ಮಣ್ಣಿನ ಘಾಟು ಮೂಗಿಗೆ ಬಡಿಯಿತು. ಮಟ್ಟಿಯ ಅಂಚಿನ ಕಟ್ಟೆಯ ಮೇಲೆ ಉಸ್ತಾದ್ ಕೂತಿದ್ದ. ಧಾತ್ರಿ ಅವನ ಪಕ್ಕದಲ್ಲಿ, ಶಾಲು ಹೊದ್ದು, ಗೆಳತಿಯರ ಸಾಮು ನೋಡುತ್ತ ಸಪ್ಪೆಮೋರೆ ಹಾಕಿಕೊಂಡಿದ್ದಳು. ಆ ವರ್ಷ ಕೆಂಪುಬಾಗಿಲ ಗರಡಿಯಿಂದ ಅವಳ ಜೋಡಿ ಕಟ್ಟಿರಲಿಲ್ಲ, ಊರೆಲ್ಲ ಆಡಿಕೊಂಡಿತ್ತು.

ಮಟ್ಟಿಗಿಳಿಯುವ ಮೊದಲು ಪ್ರತಿಯೊಬ್ಬರೂ ಉಸ್ತಾದನ ಮುಂದೆ ಬಗ್ಗುತ್ತಾರೆ. ಆತ ಚಿಟಿಕೆ ಮಣ್ಣನ್ನು ಅವರ ಬೆನ್ನಿಗೆ ಹಚ್ಚುತ್ತಾನೆ. ಅದು ಅಪ್ಪಣೆ. ಅವತ್ತು ಸಿಂಚನಾ ನೋಡಿದ್ದು ಅದರಲ್ಲಿ ಹೊಸದಾಗಿ ಸೇರಿದ್ದ ಒಂದು ಸಂಗತಿ. ಮಣ್ಣು ಹಿಡಿದ ಕೈಯನ್ನು ಉಸ್ತಾದ್ ಅಲ್ಲೇ ನಿಲ್ಲಿಸಿ, "ಮೈ ಎಂಗದೆ?" ಎಂದು ಕೇಳುತ್ತಿದ್ದ. ಚೆನ್ನಾಗದೆ ಎಂದವರು ಇಳಿಯುತ್ತಿದ್ದರು. ಒಬ್ಬ ಹುಡುಗಿ, ರಾತ್ರಿಯಿಂದ ಯಾಕೋ ಮೈ ಭಾರ, ಎಂದಳು. ಅವಳು ಸುಳ್ಳು ಹೇಳುತ್ತಿದ್ದಿರಬಹುದು ಎಂದು ಸಿಂಚನಾಗೇ ಅನ್ನಿಸಿತು. ಉಸ್ತಾದ್ ಅದನ್ನು ಕೆದಕಲಿಲ್ಲ. "ಹೋಗಿ ಮನಿಕ್ಕೊ" ಎಂದು ಮಣ್ಣನ್ನು ಮಟ್ಟಿಗೇ ಬಿಟ್ಟ.

ಸಿಂಚನಾಗೆ ತನ್ನ ಯಂತ್ರ ನೆನಪಾಯಿತು. ಅದನ್ನು ಕಟ್ಟಲು ಇಷ್ಟು ವರ್ಷ ಬೇಕಾಯಿತು; ಈ ಪ್ರಶ್ನೆ ಕೇಳಲು ಏನೂ ಬೇಕಿರಲಿಲ್ಲ. ಎರಡು ಸಾವಿರದ ಇಪ್ಪತ್ತೆರಡನೇ ಇಸವಿಯಲ್ಲಿ ಚೆಲುವರಾಜ ಗುದ್ದಲಿ ಹಿಡಿದ ಆ ಬೆಳಗ್ಗೆಯೂ ಈ ಕಟ್ಟೆಯಿತ್ತು, ಈ ಮನುಷ್ಯನಿದ್ದ, ಉತ್ತರ ಹೇಳುವವನು ಇಲ್ಲೇ ಎದುರಿಗೆ ನಿಂತಿದ್ದ. ಆ ವರ್ಷಗಳಲ್ಲಿ ಎಷ್ಟು ಅಡುಗೆಮನೆಗಳಲ್ಲಿ, ಕಚೇರಿಗಳಲ್ಲಿ, ತರಗತಿಗಳಲ್ಲಿ ಜನ ಮೈ ಸರಿಯಿಲ್ಲ ಎಂಬ ಮಾತನ್ನು ಮೆಲ್ಲಗೆ ಹೇಳಿರಬೇಕು, ಹೇಳಿ ಬೈಸಿಕೊಂಡಿರಬೇಕು ಎಂದು ಅವಳು ಯೋಚಿಸಿದಳು.

ಬಾಗಿಲಲ್ಲಿ ನೆರಳು ಬಿತ್ತು. ತಲೆ ಬಾಗಿಸಿ ಚೆಲುವರಾಜ ಒಳಗೆ ಬಂದ. ಧಾತ್ರಿ ಅವನಿಗೂ ಕರೆ ಮಾಡಿದ್ದಳು. ಗೋಡೆಯ ಗೂಟಗಳಲ್ಲಿ ಒಂದಕ್ಕೆ ಹೊಸ ಕೆಂಪು ಕಾಚ ತೂಗುಹಾಕಿತ್ತು. ಅದು ತನಗೆಂದು ಅವನಿಗೆ ಗೊತ್ತಾಗಲು ತಡವಾಗಲಿಲ್ಲ.

"ಈ ಹೊಟ್ಟೆಗೆ ಅದು ಆಗಲ್ಲ ಉಸ್ತಾದ್," ಎಂದು ನಗಲು ನೋಡಿದ.

ಉಸ್ತಾದ್ ನಗಲಿಲ್ಲ. ಕೋಲೂರಿ ಎದ್ದು ನಿಂತ. ಗರಡಿಯಲ್ಲಿ ಉಸ್ತಾದ್ ಶಿಷ್ಯನಿಗೆ ಎದ್ದು ನಿಲ್ಲುವ ಪದ್ಧತಿಯಿಲ್ಲ. ಮಟ್ಟಿಯಲ್ಲಿದ್ದವರು ಹಿಡಿತ ಬಿಟ್ಟು ನೋಡಿದರು.

"ತಪ್ಪಾಯ್ತು ಕಣ್ಲಾ," ಎಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ಬೆಳಗಿನಿಂದ ಎಲ್ಲರನ್ನೂ ಕೇಳಿದ್ದನ್ನೇ ಕೇಳಿದ.

"ಮೈ ಎಂಗದೆ ಚೆಲ್ವಾ?"

ಚೆಲುವರಾಜ ಚೆನ್ನಾಗದೆ ಎಂದು ಹೇಳುವವನಿದ್ದ. ಅಷ್ಟು ವರ್ಷಗಳ ಅಭ್ಯಾಸ. ಹೇಳಲಿಲ್ಲ. ಗೋಡೆಗೆ ಕೈ ಊರಿ ಉಸಿರು ತೆಗೆದುಕೊಂಡ.

"ಸುಸ್ತಾಯ್ತದೆ ಉಸ್ತಾದ್."

"ಬಾ," ಎಂದ ಮುದುಕ, ಕಟ್ಟೆಯ ಮೇಲಿನ ಮಣ್ಣನ್ನು ತನ್ನ ಪಂಚೆಯ ತುದಿಯಿಂದ ಒರೆಸುತ್ತ. "ಬಾ, ಕುಂತ್ಕೊ."